ಅಪ್ಪನ ಬೆನ್ನ ಹಿಂದೆ ನಿಂತು ಕಲಿತವರು

ಅವರಿಗೆ ಎಡಗಡೆಯ ಹುಬ್ಬು ಅರ್ಧ ಮಾತ್ರ ಇತ್ತು. ಮೂಗಿನ ಕಡೆಯ ಅರ್ಧ ದಟ್ಟ ಕಪ್ಪು, ಕಿವಿಯ ಕಡೆಯ ಅರ್ಧ ಬರೀ ನುಣ್ಣನೆಯ ಚರ್ಮ. ಹದಿನಾರನೆಯ ವಯಸ್ಸಿನಲ್ಲಿ ಬೆಸುಗೆ ಹಾಕುವ ಊದುಗೊಳವೆಯ ಬೆಂಕಿ ಹಿಂದಿರುಗಿ ಬಂದು ನೆಕ್ಕಿಕೊಂಡು ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಭಾನುವಾರ ಚರ್ಚಿಗೆ ಹೊರಟಾಗ ಮಾತ್ರ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ವಾರ ಬರೆದದ್ದು ಇನ್ನೊಂದು ವಾರ ಬರುತ್ತಿರಲಿಲ್ಲ. ಒಮ್ಮೆ ಸಿಟ್ಟು ಬಂದವರ ಹಾಗೆ, ಒಮ್ಮೆ ಏನೋ ಕೇಳಿ ಬೆರಗಾದವರ ಹಾಗೆ ಕಾಣುತ್ತಿದ್ದರು. ಬೆಳ್ಳಿಯ ತಂತಿಯಲ್ಲಿ ಕೂದಲೆಳೆಯಷ್ಟು ಸೊಟ್ಟವನ್ನೂ ಸಹಿಸದ ಕೈ, ತನ್ನ ಹುಬ್ಬಿನ ವಿಷಯದಲ್ಲಿ ಇಷ್ಟು ಧಾರಾಳವಾಗಿತ್ತು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವರಲ್ಲ, ನೆಂಟರಲ್ಲ, ನಮ್ಮ ದೇಶದವರೂ ಅಲ್ಲ. ಬ್ರೆಜಿಲ್‌ನವರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದರು.

೧೯೬೯ರ ಜನವರಿಯಲ್ಲಿ ನಾನು ಮೈಸೂರಿನಿಂದ ಅಲ್ಲಿಗೆ ಬಂದೆ. ಮದುವೆಯಾಗಿ ಐದು ತಿಂಗಳಾಗಿತ್ತು. ಯಜಮಾನರು ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರ್. ವುಡ್‌ವರ್ಡ್ ಅವೆನ್ಯೂನಿಂದ ಎರಡು ಬೀದಿ ಒಳಗೆ, ನಾಲ್ಕು ಮನೆಗಳ ಹಳೆಯ ಇಟ್ಟಿಗೆ ಕಟ್ಟಡ. ಬೆಳಗ್ಗೆ ಏಳಕ್ಕೆ ಇವರು ಹೊರಟರೆ ಸಂಜೆಯವರೆಗೆ ಮನೆಯೊಳಗೆ ನಾನು, ಕಿಟಕಿಯಾಚೆ ಹಿಮ. ಮೂರನೆಯ ವಾರವಿರಬೇಕು, ಒಂದು ಬೆಳಗ್ಗೆ ಅಡುಗೆಮನೆಯ ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಯಿಂದ ಒಂದು ವಾಸನೆ ಮೇಲೆದ್ದಿತು. ಇದ್ದಿಲು, ಕಾದ ಲೋಹ, ಬೆಸುಗೆಗೆ ಹಾಕುವ ಬಿಳಿಗಾರ. ನಮ್ಮ ಮೈಸೂರಿನ ಮನೆಗೆ ವರ್ಷಕ್ಕೊಂದೆರಡು ಸಲ ಅಕ್ಕಸಾಲಿಗರು ಬಂದು, ಪಡಸಾಲೆಯಲ್ಲಿ ಅಗ್ಗಿಷ್ಟಿಕೆ ಹೂಡಿ, ಒಡವೆ ಮಾಡಿಕೊಡುತ್ತಿದ್ದರು. ಅದೇ ವಾಸನೆ! ಹತ್ತು ಸಾವಿರ ಮೈಲಿಯಾಚೆ, ಹಿಮ ಸುರಿಯುವ ಊರಿನಲ್ಲಿ! ಸೀರೆಯ ಮೇಲೆ ಇವರ ಹಳೆಯ ಕೋಟು ಏರಿಸಿಕೊಂಡು ಕೆಳಗಿಳಿದು, ವಾಸನೆ ಬರುತ್ತಿದ್ದ ಬಾಗಿಲನ್ನು ತಟ್ಟಿದೆ.

ಬಾಗಿಲು ತೆರೆದವರಿಗೆ ಮೂವತ್ತೈದು ದಾಟಿರಬಹುದು. ಹಣೆಯ ಮೇಲಕ್ಕೆ ತಳ್ಳಿದ ಕಪ್ಪು ಕನ್ನಡಕ, ತೊಗಲಿನ ಏಪ್ರನ್, ಕೈಯಲ್ಲಿ ಇಕ್ಕಳ. ಯಾರು, ಏನು ಎಂದು ಕೇಳಲಿಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಕಿವಿಯಲ್ಲಿದ್ದ ಕೆಂಪುಕಲ್ಲಿನ ಬೆಂಡೋಲೆಯನ್ನೇ ನೋಡಿದರು.

“ಕಲ್ಲನ್ನ ಹಿಡ್ಕೊಂಡಿರೋ ಉಗುರು ಎಲ್ಲಿ?” ಎಂದರು.

ಅವರ ಇಂಗ್ಲಿಷ್ ಅರ್ಧ ಪೋರ್ಚುಗೀಸ್, ನನ್ನದು ಬಿ.ಎ. ಪುಸ್ತಕದ್ದು. ನಮ್ಮಿಬ್ಬರ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ನೆನಪಿನಲ್ಲಿ ಅವರು ಮಾತಾಡುವುದೂ ಕನ್ನಡದಲ್ಲೇ.

“ಉಗುರು ಇಲ್ಲ,” ಅಂದೆ. ಅವರು ಕೇಳಿದ್ದೇನೆಂದೇ ನನಗೆ ಅರ್ಥವಾಗಿರಲಿಲ್ಲ. ಅವರ ಕಡೆಯ ಒಡವೆಯಲ್ಲಿ ಸಣ್ಣ ಸಣ್ಣ ಲೋಹದ ಉಗುರುಗಳು ಕಲ್ಲನ್ನು ಮೇಲಿನಿಂದ ಕಚ್ಚಿ ಹಿಡಿದಿರುತ್ತವೆ. ನಮ್ಮದರಲ್ಲಿ ಕಲ್ಲು ಚಿನ್ನದೊಳಗೆ ಕರಗಿ ಕೂತ ಹಾಗೆ ಇರುತ್ತದೆ.

“ಯಾರು ಮಾಡಿದ್ದು?”

“ಮನೆಗೆ ಬರೋ ಅಕ್ಕಸಾಲಿಗರು.”

“ಮನೇಲೇ ಕೂತು ಮಾಡಿದ್ರಾ? ನೀನು ನೋಡ್ದೆಯಾ?”

“ಚಿಕ್ಕೋಳಿದ್ದಾಗಿಂದ ನೋಡಿದೀನಿ.”

“ಹಾಗಾದ್ರೆ ಹೇಳು. ಹೇಗೆ ಕೂರಿಸ್ತಾರೆ?”

ಹನ್ನೆರಡು ವರ್ಷ ಆ ಮನುಷ್ಯ ನಮ್ಮ ಪಡಸಾಲೆಯಲ್ಲಿ ಕೂತಿದ್ದಾನೆ. ನಮ್ಮಜ್ಜಿ ಎದುರಿಗೆ ಮಣೆ ಹಾಕಿಕೊಂಡು ಕೂತು ಕಾಯುತ್ತಿದ್ದಳು, ಪಕ್ಕದಲ್ಲಿ ನಾನು. ನಾವು ಕಾದದ್ದು ಚಿನ್ನವನ್ನು. ಅವನ ಕೈ ಏನು ಮಾಡುತ್ತಿತ್ತೆಂದು ಒಂದು ದಿನವೂ ನೋಡಿರಲಿಲ್ಲ.

“ಗೊತ್ತಿಲ್ಲ,” ಅಂದೆ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಅವರು ಜೋರಾಗಿ ನಕ್ಕು ನನ್ನನ್ನು ಒಳಕ್ಕೆ ಎಳೆದುಕೊಂಡರು. ಹಾಲಿಲ್ಲದ ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿ ಕೊಟ್ಟರು. ಅಂದಿನಿಂದ ಏಳು ವರ್ಷ, ನಾನು ಆ ಮನೆಯಲ್ಲಿ ಕಾಫಿ ಕುಡಿಯದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಆ ವಾರವೇ ಅಪ್ಪನಿಗೆ ಕಾಗದ ಬರೆದು, ಅಕ್ಕಸಾಲಿಗರನ್ನು ಕೇಳಿ ತಿಳಿಸಿ ಎಂದೆ. ಒಂದೂವರೆ ತಿಂಗಳಿಗೆ ನೀಲಿ ಏರ್‌ಲೆಟರ್ ಬಂತು. ಅಪ್ಪ ಅಕ್ಕಸಾಲಿಗರ ಮಾತನ್ನು ಇದ್ದ ಹಾಗೇ ಬರೆದಿದ್ದರು: “ಅಪ್ಪಟ ಚಿನ್ನದ ತೆಳು ತಗಡು. ಬೆಂಕಿ ಬೇಡ, ಕೈಬಲ ಸಾಕು. ಚೂರು ಚೂರೇ ಒತ್ತಬೇಕು. ಉಳಿದದ್ದು ಹೇಳಿದ್ರೆ ಬರೋದಲ್ಲ, ಬಂದು ಕೂತ್ಕೊಳ್ಳೋಕೆ ಹೇಳಿ.” ಅನುವಾದ ಮಾಡಿ ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇವರು ನಮ್ಮಪ್ಪನ ತಮ್ಮನೇ ಇರ್ಬೇಕು,” ಅಂದರು.

ಅವರ ಅಪ್ಪನ ಕಥೆ ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಅವರದು ಬ್ರೆಜಿಲ್‌ನ ಮಿನಾಸ್ ಗೆರೈಸ್ ಎಂಬ ಗುಡ್ಡಗಳ ಸೀಮೆ. ನೆಲ ಅಗೆದರೆ ಬಣ್ಣದ ಕಲ್ಲು ಸಿಗುವ ಜಾಗ. ಅಜ್ಜ ಕಲ್ಲು ಸಾಣೆ ಹಿಡಿಯುವವರು, ಅಪ್ಪ ಚಿನ್ನ ಬೆಳ್ಳಿಯ ಕೆಲಸದವರು. ಇಬ್ಬರು ಅಣ್ಣಂದಿರಿಗೆ ಹತ್ತು ವರ್ಷವಾಗುತ್ತಿದ್ದಂತೆ ಅಪ್ಪನ ಪಕ್ಕದಲ್ಲಿ ಒಂದೊಂದು ಪೀಠ, ಅಂದರೆ ಕೂತು ಕೆಲಸ ಮಾಡುವ ಮೇಜು, ಸಿಕ್ಕಿತು. ಹೆಣ್ಣುಮಗಳಿಗೆ ಪಾಲಿಷ್ ಹಾಕುವುದು, ಮಣಿ ಪೋಣಿಸುವುದು, ನೆಲ ಗುಡಿಸಿ ಬೆಳ್ಳಿಯ ಪುಡಿ ಒಟ್ಟು ಮಾಡುವುದು. ಮತ್ತೆ, ಅಪ್ಪ ಕೇಳಿದಾಗ ಕೊಡಲು ಕಾಫಿ ಹಿಡಿದು ಹಿಂದೆ ನಿಲ್ಲುವುದು.

“ನಮ್ಮಪ್ಪನ ಮುಖಕ್ಕಿಂತ ಬೆನ್ನು ನಂಗೆ ಚೆನ್ನಾಗಿ ಗೊತ್ತು,” ಎನ್ನುತ್ತಿದ್ದರು. “ಬಲಗಡೆ ಭುಜ ಇಷ್ಟು ಎದ್ರೆ ಒರಟು ಅರ, ಇಷ್ಟೇ ಎದ್ರೆ ನುಣುಪಿನ ಅರ. ಉಸಿರು ಹಿಡಿದ್ರೆ ಬೆಸುಗೆ. ಕತ್ತು ಓರೆ ಆದ್ರೆ ತಪ್ಪಾಗಿದೆ ಅಂತ ಅರ್ಥ.”

ಮಧ್ಯಾಹ್ನ ಗಂಡಸರು ಊಟ ಮಾಡಿ ಮಲಗಿದಾಗ ಅವರು ಪೀಠದಲ್ಲಿ ಕೂರುತ್ತಿದ್ದರು. ಕೆಟ್ಟ ರೇಡಿಯೋದಿಂದ ಬಿಚ್ಚಿದ ತಾಮ್ರದ ತಂತಿಯೇ ಅವರ ಚಿನ್ನ. ಹದಿನೇಳರಲ್ಲಿ ಮೂರೆಳೆ ಹೆಣೆದು ಒಂದು ಉಂಗುರ ಮಾಡಿ, ಎತ್ತಿಡುವುದನ್ನು ಮರೆತರು. ಎದ್ದು ಬಂದ ಅಪ್ಪ ಅದನ್ನು ನೋಡಿದರು. ತಿರುಗಿಸಿ ನೋಡಿದರು. ತಮ್ಮ ಬೆರಳಿಗೆ ಹಾಕಿ ತೆಗೆದರು. ಇದ್ದ ಜಾಗದಲ್ಲೇ ಇಟ್ಟರು. ಒಂದು ಮಾತಿಲ್ಲ. ಮಾರನೆಯ ದಿನ ಸಲಕರಣೆಗಳ ಡ್ರಾಯರಿಗೆ ಬೀಗ ಬಿದ್ದಿತ್ತು.

“ಬೈದಿದ್ರೆ ಚೆನ್ನಾಗಿತ್ತು,” ಎಂದರು ಅಕ್ಕ, ಇದನ್ನು ಹೇಳಿದ ದಿನ.

ಅವರ ಗಂಡ, ನನಗೆ ಭಾವ, ಕಾರ್ಖಾನೆಗಳಲ್ಲಿ ಉಕ್ಕಿನ ಅಚ್ಚು ಕೊರೆಯುವ ಕೆಲಸದವರು. ಕಡಿಮೆ ಮಾತಿನ, ದೊಡ್ಡ ಕೈಗಳ ಮನುಷ್ಯ. ಮದುವೆಯ ವರ್ಷ ಅವರು ಹೆಂಡತಿಗೆ ಕೊಟ್ಟ ಉಡುಗೊರೆ ತಂತಿ ಎಳೆಯುವ ಪಟ್ಟಿ. ಉಕ್ಕಿನ ಪಟ್ಟಿಯಲ್ಲಿ, ತಂತಿಯನ್ನು ತೂರಿಸಿ ಎಳೆದು ತೆಳುಮಾಡಲು, ಒಂದಕ್ಕಿಂತ ಒಂದು ಸಣ್ಣದಾದ ಮೂವತ್ತು ತೂತು, ಒಂದೊಂದನ್ನೂ ತಾವೇ ಕೊರೆದದ್ದು. ಡೆಟ್ರಾಯಿಟ್‌ಗೆ ಅವರು ಬಂದದ್ದೂ ಈ ಕೆಲಸದ ಮೇಲೆಯೇ. ಇಲ್ಲಿ ಅಕ್ಕ ಊರ ನಡುವಿನ ಒಂದು ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಕೂರುತ್ತಿದ್ದರು. ಮುರಿದದ್ದನ್ನು ಕೂಡಿಸುವ ಕೆಲಸಕ್ಕೆಂದು ಸೇರಿಕೊಂಡವರು. ಎರಡೇ ವರ್ಷದಲ್ಲಿ ಅಂಗಡಿಯ ಹೊಸ ನಮೂನೆಗಳೆಲ್ಲ ಅವರ ಕೈಯಿಂದಲೇ ಬರುತ್ತಿದ್ದವು. ಉಳಿದ ದಿನ ಮನೆಯಲ್ಲಿ ಕೆಲಸ.

ನಾನು ಮೊದಲು ಕಲ್ಲು ವಿಂಗಡಿಸಿದೆ. ಆಮೇಲೆ ಗರಗಸ ಹಿಡಿದೆ. ಅದರ ಅಲಗು ದಾರದಷ್ಟು ಸಣ್ಣದು, ಮೊದಲ ವಾರ ದಿನಕ್ಕೆ ಹತ್ತು ಮುರಿದೆ. ಅಕ್ಕ ಬೈಯುತ್ತಿರಲಿಲ್ಲ. ನಾನು ಮಾಡಿದ್ದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಅಂಗೈಯಲ್ಲೇ ವಾಪಸ್ಸಿಟ್ಟು, “ಜಿ ನೋವು” ಅನ್ನುತ್ತಿದ್ದರು. ಬೆರಳು ನೋಯುತ್ತಿದೆಯೇ ಎಂದು ಕೇಳುತ್ತಿದ್ದಾರೆ, ಎಷ್ಟು ಒಳ್ಳೆಯವರು, ಕನ್ನಡದ ಮಾತೊಂದನ್ನೂ ಕಲಿತಿದ್ದಾರೆ ಅಂದುಕೊಂಡು “ನೋವಿಲ್ಲ ಅಕ್ಕ, ನೋವಿಲ್ಲ” ಎಂದು ತಲೆಯಾಡಿಸುತ್ತಿದ್ದೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಅವರ ಭಾಷೆಯಲ್ಲಿ ಅದು ‘ಇನ್ನೊಂದು ಸಲ’ ಅಂತ.

ಅಕ್ಕ ಅನ್ನುವ ಪದ ಅವರಿಗೆ ಬಹಳ ಹಿಡಿಸಿತ್ತು. “ನಮ್ಮನೇಲಿ ನಾನೇ ಚಿಕ್ಕೋಳು. ಯಾರಿಗೂ ಅಕ್ಕ ಆಗಿರ್ಲಿಲ್ಲ,” ಅಂದಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು ‘ಮೆನೀನಾ’ ಎಂದು. ಹುಡುಗಿ ಅಂತ ಅರ್ಥ.

೧೯೭೧ರ ಶರತ್ಕಾಲದ ಒಂದು ಭಾನುವಾರ ಪತ್ರಿಕೆಯ ಮಹಿಳಾ ಪುಟದಲ್ಲಿ ಒಂದು ಹಾರದ ಫೋಟೋ ಬಂತು. ಸಾಣೆ ಹಿಡಿಯದ ಹಸಿರು ಕಲ್ಲಿನ ಉದ್ದನೆಯ ಹರಳುಗಳು, ಅವನ್ನು ಬಳ್ಳಿಯಂತೆ ಸುತ್ತಿಕೊಂಡ ಬೆಳ್ಳಿಯ ತಂತಿ. ಆ ತಂತಿಯನ್ನು ನಾನೇ ಎಳೆದಿದ್ದೆ. ಅಕ್ಕ ಎರಡು ತಿಂಗಳು ಕೂತು ಮಾಡಿದ ಹಾರ. ಕೆಳಗೆ ವಿನ್ಯಾಸ ಎಂದು ಅಂಗಡಿಯ ಮಾಲೀಕರ ಹೆಸರಿತ್ತು.

ಸೋಮವಾರ ಅವರು ಪತ್ರಿಕೆ ಮಡಿಸಿಕೊಂಡು ಹೊರಟರು. ನನ್ನನ್ನೂ ಕರೆದುಕೊಂಡರು. ಮಾಲೀಕರು ವಯಸ್ಸಾದವರು, ಸಭ್ಯಸ್ಥರು. ಕೂರಲು ಕುರ್ಚಿ ಹಾಕಿದರು.

“ಇದು ನಾನು ಮಾಡಿದ್ದು,” ಅಂದರು ಅಕ್ಕ.

“ಹೌದಮ್ಮ, ತುಂಬಾ ಚೆನ್ನಾಗಿ ಬಂದಿದೆ.”

“ಇಲ್ಲಿ ನಿಮ್ಮ ಹೆಸರಿದೆ.”

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಜನ ಅಂಗಡಿ ಹೆಸರು ನೋಡಿ ಬರ್ತಾರೆ. ಈ ವ್ಯಾಪಾರ ಮೊದಲಿಂದ್ಲೂ ಹೀಗೇ ನಡ್ಕೊಂಡು ಬಂದಿದೆ. ಹಿಂದಿನ ಕೋಣೇಲಿ ಕೂತೋರ ಹೆಸರು ಕಟ್ಕೊಂಡು ಅವರಿಗೇನಾಗ್ಬೇಕು? ನಿಮಗೆ ಇಲ್ಲಿ ಏನು ಕಡಿಮೆ ಮಾಡಿದೀವಿ, ಹೇಳಿ.”

ಅಕ್ಕ ಹಿಂದಿನ ಕೋಣೆಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಅಂಗಡಿಯ ಬೂದು ಕೋಟನ್ನು ತಂದು, ತೋಳುಗಳನ್ನು ಒಳಗೆ ಮಡಿಸಿ, ಅವರ ಮುಂದೆ ಗಾಜಿನ ಮೇಲಿಟ್ಟರು. “ಥ್ಯಾಂಕ್ಯೂ” ಎಂದು ಹೊರಗೆ ಬಂದರು. ಬಸ್ಸಿನಲ್ಲಿ ಪತ್ರಿಕೆಯನ್ನು ಇನ್ನೂ ಸಣ್ಣಗೆ ಮಡಿಸುತ್ತ ಕೂತರು.

“ಹೆದರಿಕೆ ಆಗ್ತಿದೆ, ಮೆನೀನಾ. ಇಳಿಯೋವರೆಗೂ ಮಾತಾಡಿಸ್ಬೇಡ,” ಎಂದರು.

ಸಂಜೆ ಭಾವ ಬಂದರು. ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಕೇಳಿದರು. “ಬೇಸ್‌ಮೆಂಟಿಗೆ ಬಿಳಿ ಬಣ್ಣ ಹೊಡೀತೀನಿ. ಬೆಳಕು ಸಾಲ್ದು ಅಲ್ಲಿ,” ಎಂದರು. ಆ ಶನಿವಾರ ಬಣ್ಣ ಹೊಡೆದರು. ಎರಡು ಪೀಠ ಹಾಕಿದರು. ಎರಡನೆಯದು ನನಗೆ ಎಂದು ತಿಳಿಯಲು ನನಗೆ ಒಂದು ದಿನ ಬೇಕಾಯಿತು.

ಮುಂದಿನ ಏಪ್ರಿಲ್‌ನಲ್ಲಿ ನಾವಿಬ್ಬರೂ ಷಿಕಾಗೋಗೆ ಹೋದೆವು. ಅಲ್ಲಿ ಕೈಕೆಲಸದ ಒಡವೆಗಳನ್ನೇ ಪ್ರದರ್ಶಿಸುವ ಗ್ಯಾಲರಿಯೊಂದಿದೆಯೆಂದು ಅಕ್ಕ ಎಲ್ಲೋ ಓದಿದ್ದರು. ಹದಿನೆಂಟು ಒಡವೆಗಳನ್ನು ಹತ್ತಿಯಲ್ಲಿ ಸುತ್ತಿ ಮೊಟ್ಟೆಯ ಡಬ್ಬಗಳಲ್ಲಿ ಜೋಡಿಸಿದ್ದರು. ನಾನು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಅವರು ಚೀಸ್ ಹಾಕಿ ಸುಟ್ಟ ಸಣ್ಣ ಉಂಡೆಗಳನ್ನು ತಂದಿದ್ದರು. ಅದರ ಹಿಟ್ಟು ಮರಗೆಣಸಿನದು, ಬಾಯಿಗಿಟ್ಟರೆ ನಮ್ಮ ಸಬ್ಬಕ್ಕಿಯ ಹಾಗೇ ಜಿಗುಟು. ಅವರು ಡ್ರೈವ್ ಮಾಡುತ್ತ ಐದು ಗಂಟೆಯೂ ಹಾಡಿದರು. ಷಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಗ್ಯಾಲರಿಯ ಮುಚ್ಚಿದ ಬಾಗಿಲೆದುರು, ಚಳಿಗಾಳಿಯಲ್ಲಿ ಮೊಟ್ಟೆ ಡಬ್ಬಗಳನ್ನು ಅವುಚಿಕೊಂಡು ಒಂದು ಗಂಟೆ ನಿಂತೆವು.

ಗ್ಯಾಲರಿಯಾಕೆ ಎತ್ತರದ ಹೆಂಗಸು, ನರೆತ ಕೂದಲನ್ನು ಗಂಡಸರಷ್ಟು ಗಿಡ್ಡಕ್ಕೆ ಕತ್ತರಿಸಿದ್ದರು. ಒಂದೊಂದನ್ನೂ ಎತ್ತಿ ನಿಧಾನವಾಗಿ ನೋಡಿದರು. ಅವರಿಗೆ ಹಿಡಿಸಿದ್ದು ನನಗೆ ಕಾಣುತ್ತಿತ್ತು.

“ಯಾವ ಸ್ಕೂಲಲ್ಲಿ ಕಲಿತಿರಿ?”

“ಸ್ಕೂಲಿಲ್ಲ.”

“ಮತ್ತೆ ಯಾರ ಹತ್ರ?”

“ನಮ್ಮಪ್ಪನ ಬೆನ್ನ ಹಿಂದೆ,” ಅಂದರು ಅಕ್ಕ.

ಆಕೆ ನಕ್ಕರು. ಅಪ್ಪನಿಗೆ ಗೊತ್ತಾಗದ ಹಾಗೆ ಕದ್ದು ಕಲಿತೆ ಅಂತ ಅವರು ಅರ್ಥಮಾಡಿಕೊಂಡದ್ದು. ಅದೂ ಸುಳ್ಳೇನಲ್ಲವಲ್ಲ, ನಾನೂ ನಕ್ಕೆ. ಆದರೆ ಆಕೆ ಒಡವೆಯನ್ನು ಕೆಳಗಿಟ್ಟರು.

“ನಾವಿಲ್ಲಿ ಕಲಾವಿದರನ್ನ ತೋರಿಸೋದು. ಕಾರ್ಡಿನ ಮೇಲೆ ಏನಾದ್ರೂ ಬರೀಬೇಕಾಗತ್ತೆ, ಎಲ್ಲಿ ಓದಿದ್ದು, ಯಾರ ಶಿಷ್ಯರು ಅಂತ. ಒಂದು ಕೆಲಸ ಮಾಡ್ಬಹುದು. ನಾಲ್ಕು ಪೀಸ್ ಬಿಟ್ಟುಹೋಗಿ. ‘ಬ್ರೆಜಿಲ್‌ನ ಜಾನಪದ ಕಲೆ’ ಅಂತ ಹಾಕ್ತೀನಿ.”

“ಜಾನಪದ ಅಂದ್ರೆ?” ಅಕ್ಕ ನನ್ನ ಕಡೆ ತಿರುಗಿದರು.

“ಊರ ಜನ ಎಲ್ಲಾ ಸೇರಿ, ತಲೆತಲಾಂತರದಿಂದ ಮಾಡ್ಕೊಂಡು ಬಂದಿದ್ದು,” ಅಂದೆ.

ಅಕ್ಕ ಒಂದು ಪದಕವನ್ನು ಎತ್ತಿ ಆಕೆಯ ಮುಂದೆ ಹಿಡಿದರು. “ಮೇಡಂ, ಇದನ್ನ ಯಾವ ಜನಾನೂ ಮಾಡಿಲ್ಲ. ಹೋದ ಮಂಗಳವಾರ ನಾನು ಮಾಡ್ದೆ.”

ಹದಿನೆಂಟನ್ನೂ ಮೊಟ್ಟೆ ಡಬ್ಬಗಳಿಗೆ ವಾಪಸ್ ಹಾಕಿಕೊಂಡು ನಾವು ಹೊರಬಂದೆವು.

ಸರೋವರದ ದಂಡೆಯಲ್ಲಿ ಕಾರು ನಿಲ್ಲಿಸಿ ಚಿತ್ರಾನ್ನ ತಿಂದೆವು. ನನಗೆ ಅಳು ಬರುವಂತಾಗಿತ್ತು. ಅಕ್ಕ ಚಮಚ ಬಿಟ್ಟು ಕೈಯಲ್ಲೇ ತಿನ್ನುತ್ತ, “ಕಡಲೆಬೇಳೆ ಇನ್ನೊಂಚೂರು ಹಾಕ್ಬೇಕಿತ್ತು,” ಅಂದರು. ಆಮೇಲೆ, “ಆಕೆ ಕೆಟ್ಟೋಳಲ್ಲ. ನೋಡೋಕೆ ಬರತ್ತೆ ಅವಳಿಗೆ. ಬರೆಯೋಕೆ ಏನಾದ್ರೂ ಬೇಕು, ಅಷ್ಟೇ,” ಅಂದರು.

ಕಾಫಿಗೆಂದು ಹೊಕ್ಕ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿತ್ತು. ಜುಲೈ ತಿಂಗಳಲ್ಲಿ, ಷಿಕಾಗೋ ಪಕ್ಕದ ಒಂದು ಊರಿನ ಬೀದಿಯಲ್ಲಿ ಎರಡು ದಿನ ಕಲಾಸಂತೆ. ಮೇಜು ಹಾಕಲು ಯಾರಿಗೆ ಬೇಕಾದರೂ ಅವಕಾಶವಿದೆ. ಅಕ್ಕ ಚೀಟಿಯನ್ನು ಎರಡು ಸಲ ಓದಿಸಿ ಕೇಳಿಸಿಕೊಂಡರು. “ಯಾರಿಗೆ ಬೇಕಾದ್ರೂ ಅಂದ್ರೆ ಯಾರಿಗೆ ಬೇಕಾದ್ರೂ ತಾನೆ?” ಅಂತ ಖಾತ್ರಿ ಮಾಡಿಕೊಂಡರು.

ಜುಲೈನಲ್ಲಿ ಭಾವ, ಯಜಮಾನರು, ನಾವು, ನಾಲ್ಕು ಜನವೂ ಹೊರಟೆವು. ಅಕ್ಕ ಒಡವೆಗಳ ಜೊತೆಗೆ ಪೀಠವನ್ನೂ ಕಾರಿನ ಮೇಲೆ ಕಟ್ಟಿಸಿದರು. “ಇಷ್ಟು ವರ್ಷ ಹಿಂದಿನ ಕೋಣೇಲಿ ಕೂತಿದ್ದು ಸಾಕು. ಎಲ್ಲರ ಮುಂದೆ ಮಾಡ್ತೀನಿ, ನೋಡ್ಲಿ,” ಎಂದರು. ಸುತ್ತಲಿನವರೆಲ್ಲ ಮಾರಲು ಕೂತಿದ್ದರೆ, ಇವರು ನಡುಬೀದಿಯಲ್ಲಿ ಏಪ್ರನ್ ಕಟ್ಟಿ, ಅರ್ಧ ಹುಬ್ಬಿನಲ್ಲೇ, ಬೆಂಕಿ ಹಚ್ಚಿ ಬೆಸುಗೆ ಹಾಕುತ್ತಿದ್ದರು. ಮೊದಲು ಮಕ್ಕಳು ನಿಂತರು, ಆಮೇಲೆ ತಾಯಂದಿರು. ಕೇಳಿದವರಿಗೆಲ್ಲ ಉತ್ತರ ಹೇಳುವುದು ನನ್ನ ಕೆಲಸ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಯಜಮಾನರು ಛತ್ರಿ ಹಿಡಿದು ಅವರಿಗೆ ನೆರಳು ಮಾಡುತ್ತ ಎರಡು ದಿನವೂ ನಿಂತಿದ್ದರು.

ಎರಡನೆಯ ದಿನ ಮಧ್ಯಾಹ್ನ ಗುಂಪಿನ ಹಿಂದೆ ಗಿಡ್ಡ ನರೆಗೂದಲಿನ ತಲೆಯೊಂದು ಕಂಡಿತು. ಗ್ಯಾಲರಿಯಾಕೆ. ಸಂತೆಗೆ ಅವರು ಪ್ರತಿವರ್ಷ ಬರುತ್ತಿದ್ದರೆಂದು ಆಮೇಲೆ ತಿಳಿಯಿತು. ಕೈಕಟ್ಟಿಕೊಂಡು ನಿಂತರು. ಅಕ್ಕ ಆಗ ಒಂದು ಹರಳಿನ ಸುತ್ತ ತಂತಿ ಹೆಣೆಯುತ್ತಿದ್ದರು, ತಲೆಯೆತ್ತಲಿಲ್ಲ. ಅರ್ಧ ಗಂಟೆಗೂ ಹೆಚ್ಚು ಆಕೆ ಅಲ್ಲೇ ನಿಂತಿದ್ದರು. ಕೆಲಸ ಮುಗಿದು ಅಕ್ಕ ಇಕ್ಕಳ ಕೆಳಗಿಟ್ಟಾಗ, ಕೈಚೀಲದಿಂದ ಪೆನ್ನು ತೆಗೆದು ಮುಂದೆ ಬಂದರು.

“ನಿಮ್ಮ ಹೆಸರಿನ ಸ್ಪೆಲಿಂಗ್ ಹೇಳಿ. ಕಾರ್ಡಿಗೆ ಅಷ್ಟೇ ಸಾಕು.”

ಅಕ್ಕ ಒಂದೊಂದೇ ಅಕ್ಷರವಾಗಿ ಹೇಳಿದರು. ನಡುವೆ ಎರಡು ಸಲ ತಪ್ಪಿದರು. ತಮ್ಮ ಹೆಸರನ್ನೇ!

ಆ ವರ್ಷದ ಕೊನೆಗೆ ಗ್ಯಾಲರಿಯ ಒಂದು ಗೋಡೆ ಅವರದಾಯಿತು. ಅಲ್ಲಿಂದ ಮುಂದೆ ಕೆಲಸ ತಪ್ಪಲಿಲ್ಲ.

ಆದರೆ ನಾನು ಮಧ್ಯದಲ್ಲಿ ಒಮ್ಮೆ ಹಿಂದೆ ಸರಿದಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ೧೯೭೩ರ ಚಳಿಗಾಲದಲ್ಲಿ ಪೆಟ್ರೋಲಿನ ಬರ ಬಂದು ಕಾರಿನ ಕಂಪನಿಗಳು ಕುಗ್ಗಿದಾಗ ಯಜಮಾನರ ಕೆಲಸ ಹೋಯಿತು. ಒಡವೆ ಕೆಲಸದಲ್ಲಿ ನನಗೆ ಬರುತ್ತಿದ್ದ ಪಾಲಿನಲ್ಲೇ ಎಂಟು ತಿಂಗಳು ಮನೆ ನಡೆಯಿತು. ಆಗ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿದ್ದ ಒಬ್ಬರ ಮನೆಯಲ್ಲಿ ಸಂಕ್ರಾಂತಿಗೆ ಐದಾರು ಕನ್ನಡ ಕುಟುಂಬ ಸೇರಿದ್ದೆವು. ಎಳ್ಳು ಬೀರುವಾಗ ಹಿರಿಯ ಹೆಂಗಸೊಬ್ಬರು ನನ್ನ ಬೆರಳಿನ ಸುಟ್ಟ ಕಲೆ ನೋಡಿ ಎಲ್ಲರಿಗೂ ಕೇಳುವಂತೆ ಅಂದರು:

“ಏನಮ್ಮಾ, ಅಕ್ಕಸಾಲಿಗರ ಕೆಲಸಕ್ಕೆ ಇಳಿದ್ಯಂತೆ? ನಿಮ್ಮಪ್ಪಂಗೆ ಗೊತ್ತಾ? ಬಿ.ಎ. ಮಾಡ್ದೋಳು, ಒಂದು ಲೈಬ್ರರಿಗೋ ಬ್ಯಾಂಕಿಗೋ ಅಪ್ಲೈ ಮಾಡ್ಬಾರ್ದಾ?”

ಯಾರೂ ನಗಲಿಲ್ಲ, ಯಾರೂ ನನ್ನ ಪರವಾಗಿ ಮಾತಾಡಲೂ ಇಲ್ಲ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಮಾರನೆಯ ದಿನ ಕೆಳಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ತಲೆನೋವು ಎಂದು ಹೇಳಿಕಳಿಸಿದೆ. ಹತ್ತು ದಿನ ಕಳೆಯಿತು.

ಹನ್ನೊಂದನೆಯ ಬೆಳಗ್ಗೆ ಅಕ್ಕ ಮೇಲೆ ಬಂದರು. ಏನಾಯಿತೆಂದು ಕೇಳಲಿಲ್ಲ. ನಾನೇ ಹೇಳಿದೆ. ನಮ್ಮಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ಹುಟ್ಟಿನಿಂದಲೇ ಗೊತ್ತು ಮಾಡಿರುತ್ತಾರೆ, ನಾನು ಮಾಡುತ್ತಿರುವುದು ನಮ್ಮ ಮನೆಯವರು ಮಾಡುವ ಕೆಲಸವಲ್ಲ ಎಂದೆ.

“ನಮ್ಮಲ್ಲೂ ಗೊತ್ತು ಮಾಡಿದ್ರು,” ಅಂದರು. “ನಾನು ಕಾಫಿ ಹಿಡ್ಕೊಂಡು ನಿಲ್ಬೇಕು ಅಂತ.”

ಅಡುಗೆಮನೆಯ ಮೇಜಿನ ಮೇಲೆ, ನಾನು ಅರ್ಧಕ್ಕೆ ಬಿಟ್ಟಿದ್ದ ಬಳೆಯನ್ನಿಟ್ಟು ಎದ್ದರು. ಬಾಗಿಲ ಹತ್ತಿರ ತಿರುಗಿ “ಜಿ ನೋವು” ಅಂದರು. ಆ ಸಲ ಅದು ಎರಡೂ ಭಾಷೆಯಲ್ಲಿ ಸರಿಹೋಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಕೆಲಸದ ಅರ್ಜಿ ಟೈಪ್ ಮಾಡುತ್ತಿದ್ದ ಯಜಮಾನರು ಅಲ್ಲಿಂದಲೇ, “ಹೋಗು ಮಾರಾಯ್ತಿ, ಅನ್ನ ನಾನು ಮಾಡ್ತೀನಿ,” ಅಂದರು. ಹೋದೆ.

೧೯೭೫ರ ಅಕ್ಟೋಬರ್‌ನಲ್ಲಿ ಅಕ್ಕನ ಅಪ್ಪ ಬ್ರೆಜಿಲ್‌ನಿಂದ ಬಂದರು. ಒಣಗಿದ, ಸಣಕಲು ಮುದುಕರು. ಮನೆಯೊಳಗೂ ಟೋಪಿ ತೆಗೆಯುತ್ತಿರಲಿಲ್ಲ. ಅಣ್ಣಂದಿರಲ್ಲಿ ಒಬ್ಬ ಬಸ್ ಡ್ರೈವರ್ ಆಗಿದ್ದ, ಇನ್ನೊಬ್ಬ ಬ್ಯಾಂಕು ಸೇರಿದ್ದ. ಊರಿನ ಪೀಠಗಳಲ್ಲಿ ಈಗ ಯಾರೂ ಕೂರುತ್ತಿರಲಿಲ್ಲ. ಮೊದಲ ದಿನ ಬೇಸ್‌ಮೆಂಟಿಗೆ ಇಳಿದವರು ತಂತಿಯ ಪಟ್ಟಿಯ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿ, ಅಳಿಯನ ಕಡೆ ತಿರುಗಿ ತಲೆದೂಗಿದರು. ಆಮೇಲೆ ಮಗಳ ಒಡವೆಗಳನ್ನು ಎತ್ತಿಕೊಂಡರು. ಭೂತಗನ್ನಡಿ ಹಿಡಿದು ನೋಡಿದರು, ಕೆಳಗಿಟ್ಟರು.

ಮೂರನೆಯ ದಿನ ಜೇಬಿನಿಂದ ಔಷಧಿಯ ಸೀಸೆಯೊಂದನ್ನು ತೆಗೆದು ಹತ್ತಿಯೊಳಗಿಂದ ಒಂದು ಕಲ್ಲು ಹೊರತೆಗೆದರು. ತಿಳಿನೀಲಿ, ನೀರಿನ ಹಾಗೆ. ಅಜ್ಜ ಸಾಣೆ ಹಿಡಿದ ಕೊನೆಯ ಕಲ್ಲು. ಅಂಚಿನಲ್ಲಿ ಒಂದು ಸಣ್ಣ ಸೀಳಿತ್ತು. ಉಗುರು ಹಾಕಿ ಬಿಗಿದರೆ ಒಡೆಯುತ್ತದೆಂದು ಮೂವತ್ತು ವರ್ಷ ಯಾರೂ ಅದನ್ನು ಕಟ್ಟಿರಲಿಲ್ಲ. ಈಗ ತಮ್ಮ ಕೈ ನಡುಗುತ್ತದೆಂದು ತೋರಿಸಿದರು.

ಅಕ್ಕ ಎರಡು ದಿನ ಅದನ್ನು ಬರೀ ನೋಡುತ್ತ ಕೂತರು. ಆಮೇಲೆ ಅಪ್ಪಟ ಚಿನ್ನದ ತೆಳು ತಗಡು ತರಿಸಿ, ನಮ್ಮ ಅಕ್ಕಸಾಲಿಗರು ಹೇಳಿಕಳಿಸಿದ ಹಾಗೆ, ಬೆಂಕಿಯಿಲ್ಲದೆ, ಕಲ್ಲಿನ ಸುತ್ತ ಚೂರು ಚೂರೇ ಒತ್ತಿದರು. ಈ ಕೆಲಸವನ್ನು ಅವರು ನಾಲ್ಕು ವರ್ಷ ಗಾಜಿನ ಚೂರುಗಳ ಮೇಲೆ ಮಾಡಿ ಮಾಡಿ ಕೆಡಿಸಿದ್ದನ್ನು ನಾ ಬಲ್ಲೆ. ಮುದುಕರು ಪಕ್ಕದಲ್ಲಿ ನನ್ನ ಪೀಠದಲ್ಲಿ ಕೂತಿದ್ದರು. ನಾನು ದೀಪ ಹಿಡಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಕೂತಿತು. ಒಡೆಯಲಿಲ್ಲ.

ಮುದುಕರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪೋರ್ಚುಗೀಸಿನಲ್ಲಿ ಸಣ್ಣ ದನಿಯಲ್ಲಿ ಏನೋ ಹೇಳಿದರು. ಅಕ್ಕ ಎದ್ದು ಮೇಲಿನ ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅವರು ಏನೆಂದರು ಎಂದು ಮೆಟ್ಟಿಲ ಬಳಿ ನಿಂತಿದ್ದ ಭಾವ ನನಗೆ ಹೇಳಿದರು: “ಅವತ್ತಿನ ತಾಮ್ರದ ಉಂಗುರ ಸರಿಯಾಗೇ ಇತ್ತು. ನನ್ನ ಗಂಡುಮಕ್ಕಳಿಬ್ಬರಿಗೂ ಹಾಗೆ ಬರ್ತಿರ್ಲಿಲ್ಲ. ನಂಗೆ ಏನು ಮಾಡ್ಬೇಕೋ ತೋಚಲಿಲ್ಲ.”

ಮುದುಕರು ಬಂದದ್ದು ಮೂರು ವಾರಕ್ಕೆಂದು. ಕ್ರಿಸ್‌ಮಸ್ ಕಳೆಯುವವರೆಗೂ ಇದ್ದರು. ದಿನಾ ಬೇಸ್‌ಮೆಂಟಿಗೆ ಇಳಿದು ನಮಗಿಬ್ಬರಿಗೂ ತಪ್ಪು ತೋರಿಸುತ್ತಿದ್ದರು. ಅಕ್ಕ ಅವರ ಜೊತೆ ಜಗಳವಾಡುತ್ತಿದ್ದರು, ಅಷ್ಟು ಸಂತೋಷದಿಂದ ಜಗಳವಾಡುವವರನ್ನು ನಾನು ಮತ್ತೆ ಕಂಡಿಲ್ಲ.

ಮರುವರ್ಷ ಅಕ್ಕ ಮತ್ತು ಭಾವ ಷಿಕಾಗೋಗೆ ಹೋಗಿ ನೆಲೆಸಿದರು. ಬೀದಿಗೆ ದೊಡ್ಡ ಕಿಟಕಿಯಿದ್ದ ಅಂಗಡಿ. ಪೀಠಗಳನ್ನು ಅವರು ಆ ಕಿಟಕಿಯ ಹತ್ತಿರವೇ ಹಾಕಿಸಿದರು, ಹೋಗಿ ಬರುವವರಿಗೆಲ್ಲ ಕಾಣುವಂತೆ. ನನ್ನ ಹಾಗೆ ಏನೂ ಗೊತ್ತಿಲ್ಲದ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ಕಲಿಸಿದರು. ಯಜಮಾನರ ಹೊಸ ಕೆಲಸಕ್ಕೆ ಹತ್ತಿರವೆಂದು ನಾವೂ ಆಗ ಪ್ಲಿಮತ್‌ಗೆ ಬಂದೆವು. ನಾನು ಮನೆಯ ಬೇಸ್‌ಮೆಂಟಿನಲ್ಲಿ ಕೂತು ನನ್ನ ಪಾಲಿನ ಕೆಲಸ ಮಾಡಿ ಕಳಿಸುತ್ತಿದ್ದೆ. ಫೋನಿನಲ್ಲಿ ದಿನಾ ಮಾತು.

೧೯೭೯ರ ಮಾರ್ಚ್‌ನ ಒಂದು ಬೆಳಗ್ಗೆ ಫೋನಿನಲ್ಲಿ ಭಾವನ ದನಿ ಕೇಳಿತು. ಅಕ್ಕ ಕಾಫಿಗೆ ನೀರಿಟ್ಟು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಹೃದಯ. ನಲವತ್ತಾರು ವರ್ಷ.

ಅಂತ್ಯಸಂಸ್ಕಾರ ಮುಗಿದ ಮರುದಿನ ಭಾವ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ಅಕ್ಕನ ಪೀಠದ ಮೇಲೆ ಒಂದು ಮದುವೆಯ ಹಾರ ಅರ್ಧಕ್ಕೆ ನಿಂತಿತ್ತು. ಹನ್ನೊಂದು ಕಲ್ಲಿನಲ್ಲಿ ಆರು ಕೂತಿದ್ದವು. ಮದುವೆ ಶನಿವಾರ, ಅಂದು ಗುರುವಾರ. “ಬೇಡ ಅಂದ್ರೆ ಮದುವೆ ಮನೆಯವರಿಗೆ ಹೇಳ್ತೀನಿ, ಅರ್ಥ ಮಾಡ್ಕೊಳ್ತಾರೆ,” ಅಂದರು ಭಾವ. ಇಬ್ಬರು ಹೆಂಗಸರೂ ನನ್ನ ಮುಖ ನೋಡುತ್ತ ನಿಂತಿದ್ದರು.

ನಾನು ಕೂತೆ. ಏಳನೆಯ ಕಲ್ಲು ಮೂರು ಸಲ ಜಾರಿತು. ಎಂಟನೆಯದರ ಹೊತ್ತಿಗೆ ಕೈ ಹದಕ್ಕೆ ಬಂತು. ಶುಕ್ರವಾರ ಸಂಜೆ ಐದಕ್ಕೆ ಮದುಮಗಳು ತಾಯಿಯ ಜೊತೆ ಬಂದಳು. ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನಕ್ಕಳು. ಏನಾಗಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಲಿಲ್ಲ. ನಾಳೆ ಮದುವೆ.

“ಎಷ್ಟು ಚೆನ್ನಾಗಿದೆ! ನೀವು ಮಾಡಿದ್ದಾ?” ಎಂದು ಕೇಳಿದಳು ತಾಯಿ.

“ಇಬ್ಬರು ಮಾಡಿದ್ದು,” ಅಂದೆ.

ಅವರು ಹೋದ ಮೇಲೆ ಅಂಗಡಿ ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು. ಪೀಠದ ಬಲಗಡೆಯ ತಟ್ಟೆಯಲ್ಲಿ ಮಾಡಬೇಕಾದ ಕೆಲಸಗಳ ಲಕೋಟೆಗಳು ಸಾಲಾಗಿದ್ದವು, ಒಂದೊಂದರ ಮೇಲೂ ಅಕ್ಕನ ಗುಂಡನೆಯ ಅಕ್ಷರ. ಮೊದಲನೆಯದನ್ನು ಬಿಚ್ಚಿದೆ. ಯಾವುದೋ ಮಗುವಿನ ಸರ, ಕೊಂಡಿ ಮುರಿದಿತ್ತು. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡೆ.